ಯಂತ್ರ ನಿಲ್ಲಿಸಿದ ಕುಮುದವಲ್ಲಿ

ಬೆಳಗಿನ ಐದೂವರೆ. ಕುಂಭಕೋಣದ ಪಂಚಾಂಗದ ಅಚ್ಚುಕೂಟದಲ್ಲಿ ಯಂತ್ರ ನಿಂತಿದೆ. ನಿಲ್ಲಿಸಿದವರು ಕರಡು ತಿದ್ದುವ ಕುಮುದವಲ್ಲಿ, ವಯಸ್ಸು ಐವತ್ತೆಂಟು. ಮೂಗಿನ ತುದಿಗೆ ಜಾರಿದ ಕನ್ನಡಕದಿಂದ ತಮಿಳರ ಆಷಾಢವಾದ ಆಡಿ ತಿಂಗಳ ಹಾಳೆಯನ್ನೇ ನೋಡುತ್ತಿದ್ದಾರೆ. ಎದುರಿಗೆ ಮಾಲೀಕ ವೈದ್ಯಲಿಂಗಂ ಕುದಿಯುತ್ತಿದ್ದಾರೆ.

"ಜೋಸ್ಯರು ಕೈಯಾರೆ ಬರೆದದ್ದಮ್ಮಾ ಇದು. ನಾಲ್ಕು ತಲೆಮಾರಿನ ಲೆಕ್ಕ. ಅವರಿಗೇ ಪಾಠ ಹೇಳ್ತೀಯಾ?"

"ನಾನ್ಯಾರು ಮುದಲಾಳಿ ಪಾಠ ಹೇಳೋಕೆ? ಆದ್ರೆ ಹಿಂದಿನ ದಿನ ಚತುರ್ದಶಿ ಆರು ಗಳಿಗೆಗೆ ಮುಗಿದಿದೆ. ಮಾರನೇ ದಿನ ಅಮಾವಾಸ್ಯೆ ಮೂವತ್ತೆರಡಕ್ಕಂತೆ! ತಿಥಿ ದಿನಕ್ಕೆ ಐದಾರು ಗಳಿಗೆ ಹಿಂದೆಮುಂದೆ ಆಗುತ್ತೆ, ಹೀಗೆ ಕಪ್ಪೆ ಥರ ಹಾರಲ್ಲ. ಅದು ಎರಡೇ ಇರ್ಬೇಕು."

ಸೂರ್ಯೋದಯದಿಂದ ಎರಡು ಗಳಿಗೆಯೆಂದರೆ ಮುಕ್ಕಾಲು ಗಂಟೆ; ಅಮಾವಾಸ್ಯೆ ಬೆಳಿಗ್ಗೆಯೇ ಮುಗಿಯುತ್ತದೆ, ತರ್ಪಣ ಹಿಂದಿನ ದಿನಕ್ಕೆ ಸಲ್ಲುತ್ತದೆ. ಮೂವತ್ತೆರಡೇ ಅಚ್ಚಾದರೆ ಅಮಾವಾಸ್ಯೆ ಸಂಜೆಯವರೆಗೂ ಇದೆಯೆಂದು ಈ ಪಂಚಾಂಗ ನಂಬಿದ ಇಪ್ಪತ್ತು ಸಾವಿರ ಮನೆಯವರು ತಪ್ಪು ದಿನ ಹಿರಿಯರಿಗೆ ಎಳ್ಳುನೀರು ಬಿಡುತ್ತಾರೆ. ಆಮೇಲೆ ತಿದ್ದುಪಡಿ ಅಚ್ಚು ಹಾಕಿ ಏನು ಪ್ರಯೋಜನ?

ಅಚ್ಚುಮೊಳೆ ಜೋಡಿಸುತ್ತಿದ್ದ ಗಂಡ ತೀರಿಕೊಂಡಾಗ ಕುಮುದವಲ್ಲಿ ಪುಟ ಹೊಲಿಯಲು ಇಲ್ಲಿಗೆ ಬಂದರು. ಮೂವತ್ತೊಂದು ವರ್ಷವಾಯಿತು. ಹೊಲಿಯುತ್ತಲೇ ಅಂಕಿಗಳ ನಡೆ ಕಲಿತರು. ಎರಡು ಕಣ್ಣಿಗೂ ಪೊರೆ ತೆಗೆಸಿಕೊಂಡಿದ್ದಾರೆ; ಈಗಲೂ ದಿನಕ್ಕೆ ಎಂಟುನೂರು ಅಂಕಿ ನೋಡುತ್ತಾರೆ, ಅದೂ ತಿಂಗಳ ಕೊನೆಯಿಂದ ಮೊದಲಿಗೆ, ಹಿಮ್ಮುಖವಾಗಿ.

"ಮುಂದಕ್ಕೆ ಓದಿದ್ರೆ ನಾಲಿಗೆ ತಾನೇ ಊಹಿಸ್ಕೊಂಡು ಓಡುತ್ತೆ. ಹಿಂದಕ್ಕೆ ಓದಿದ್ರೆ ಒಂದೊಂದಕ್ಕೂ ನಿಲ್ಲಲೇಬೇಕು," ಎನ್ನುತ್ತಾರೆ.

ಪಂಚಾಂಗದ ಮುಖಪುಟದಲ್ಲಿ ಜೋಸ್ಯರ ಚಿತ್ರವಿದೆ, ಮಾಲೀಕರ ಹೆಸರಿದೆ. ಇವರ ಹೆಸರು ಹುಡುಕಿದರೂ ಸಿಗದು. ಅನ್ಯಾಯವೆಂದು ಬೇರೆಯವರಿಗೆ ಅನ್ನಿಸುತ್ತದೆ, ಇವರಿಗಲ್ಲ.

ಎಂಟು ಗಂಟೆಗೆ ಎಂಬತ್ತರ ಜೋಸ್ಯರು ಕೋಲೂರಿಕೊಂಡು ಬರುತ್ತಾರೆ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳು ಮಡಿಸುತ್ತಾ ಎಣಿಸುತ್ತಾರೆ.

"ಪಕ್ಕದ ನಕ್ಷತ್ರದ ಸಾಲಿನ ಅಂಕಿ ಇಲ್ಲಿ ಇಳಿಸಿಬಿಟ್ಟಿದ್ದೀನಿ," ಎಂದು ನಿಧಾನವಾಗಿ ತಲೆಯೆತ್ತುತ್ತಾರೆ. "ಎರಡೇ. ವೈದ್ಯಲಿಂಗಂ, ಅಚ್ಚಾದ ಹಾಳೆಗಳನ್ನೆಲ್ಲ ಹರಿದು ಹಾಕಿಸು. ಕುಮುದಾ, ನನ್ನ ಮಾನ ಉಳಿಸಿದೆಯಮ್ಮಾ."

ವೈದ್ಯಲಿಂಗಂ ತಾವೇ ಹೋಗಿ ಕಾಫಿ ತಂದಿಡುತ್ತಾರೆ. "ಬರೋ ವರ್ಷದಿಂದ ನಿನ್ನ ಹೆಸರೂ ಹಾಕೋಣ," ಎನ್ನುತ್ತಾರೆ.

ಕುಮುದವಲ್ಲಿ ಬೇಡವೆಂದು ಕೈಯಾಡಿಸುತ್ತಾರೆ.

"ಆಡಿ ಅಮಾವಾಸ್ಯೆ ತರ್ಪಣದ ದಿನ ಕಾವೇರಿ ಮೆಟ್ಟಿಲಲ್ಲಿ ಕಾಲಿಡೋಕೆ ಜಾಗ ಇರಬಾರ್ದು. ಮಾರನೇ ದಿನ ಒಬ್ಬರೂ ಇರಬಾರ್ದು. ಆ ಖಾಲಿ ಮೆಟ್ಟಿಲನ್ನ ಹೋಗಿ ನೋಡ್ಕೊಂಡು ಬರ್ತೀನಿ, ನನಗೆ ಅಷ್ಟು ಸಾಕು."