ಫ್ಯಾನ್ ನಿಲ್ಲಿಸುತ್ತಿದ್ದ ಗ್ರಂಥಪಾಲಕರು

ಐನಾಪುರದ ನಮ್ಮ ಗ್ರಂಥಾಲಯದಲ್ಲಿ ಜಗಳವಾದರೆ ಗ್ರಂಥಪಾಲಕರು ಯಾರನ್ನೂ ಹೊರಗೆ ಹಾಕುತ್ತಿರಲಿಲ್ಲ. ಎದ್ದು ಫ್ಯಾನ್ ನಿಲ್ಲಿಸಿ, ಇಬ್ಬರನ್ನೂ ಒಂದೇ ಮೇಜಿಗೆ ಕೂಡಿಸಿ, "ತಪ್ಪ ಯಾರದು ಅನ್ನೂದು ಆಮ್ಯಾಲ. ಮೊದಲ ಏನ್ ಹಾಳಾತು ಹೇಳ್ರಿ," ಎನ್ನುತ್ತಿದ್ದರು.

ಗಡಿ ಗಲಾಟೆಯ ದಿನಗಳಲ್ಲಿ ತರುಣನೊಬ್ಬ ಮುದುಕರೊಬ್ಬರ ಕೈಯಿಂದ ಮರಾಠಿ ಪೇಪರ್ ಕಸಿದು ಹರಿದ. ಫ್ಯಾನ್ ನಿಂತಿತು. ಅದೇ ಪ್ರಶ್ನೆ ಬಂತು.

"ಅದರಾಗ ನಮ್ಮ ತಂಗಿ ಫೋಟೋ ಇತ್ರಿ," ಎಂದರು ಮುದುಕರು. "ಆಕಿನ್ನ ಮಿರಜಿಗೆ ಲಗ್ನಾ ಮಾಡಿ ಕೊಟ್ಟಿದ್ವಿ. ಇವತ್ತ ಆಕಿ ಪುಣ್ಯತಿಥಿ."

"ಈಗ ಏನ್ ಮಾಡ್ತಿ?" ಗ್ರಂಥಪಾಲಕರು ತರುಣನನ್ನು ಕೇಳಿದರು.

ಅವನು ಚೂರುಗಳನ್ನು ಆಯ್ದು, ಗೋಂದು ಹಚ್ಚಿ ಆಕೆಯ ಮುಖ ಕೂಡಿಸಿದ. ಕಣ್ಣು ತುಂಬಿದ ಮುದುಕರಿಗೆ ಅಕ್ಷರ ಕಾಣಲಿಲ್ಲ. ಕೆಳಗಿನ ಮರಾಠಿ ಸಾಲುಗಳನ್ನು ತರುಣನೇ ತಡವರಿಸದೆ ಓದಿ ಹೇಳಿದ.

ಗೋಂದು ಒಣಗುವವರೆಗೂ ಗ್ರಂಥಪಾಲಕರು ಫ್ಯಾನ್ ಹಾಕಲಿಲ್ಲ. ಆ ಸೆಕೆಯಲ್ಲಿ ನಾವ್ಯಾರೂ ಎದ್ದು ಹೋಗಲಿಲ್ಲ.