ಕುಂಚ ತೊಳೆಯುವ ಕೆಲಸ

ನಮ್ಮ ಮನೆಯವರು ಸುರಪುರದಲ್ಲಿ ಚಿತ್ರ ಬರೆಯುತ್ತಾರೆ. ಫ್ಲೆಕ್ಸ್ ಬಂದ ಮೇಲೂ ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಹಿಂದಿನ ಹೂಬಳ್ಳಿ, ಗುಡಿಯ ಗೋಡೆಗೊಂದು ನಂದಿ, ಹೀಗೆ ಏನಾದರೂ ಕೆಲಸ ಸಿಗುತ್ತಲೇ ಇರುತ್ತದೆ. ಅವರ ಮನೆತನದಲ್ಲಿ ಒಂದು ಪದ್ಧತಿಯಿದೆ. ಬರೆದವರು ಕುಂಚ ತೊಳೆಯುವುದಿಲ್ಲ. ಸಣ್ಣ ಕೂದಲಿನ ಕುಂಚಕ್ಕೆ ಹಗುರ ಕೈ ಬೇಕು, ಅದು ಮನೆಯ ಹೆಂಗಸರದ್ದೇ ಎಂದು ಹಿಂದೆ ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ.

ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನನ್ನು ಹಿತ್ತಲಲ್ಲಿ ಕೂರಿಸಿ ಕಲಿಸಿದರು. ಅಂಗೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಸುರಿದುಕೊಳ್ಳಬೇಕು, ಕುಂಚವನ್ನು ಅದರಲ್ಲೇ ಹೊರಳಿಸಬೇಕು, ಬುಡದಲ್ಲಿ ಕೂತ ಬಣ್ಣವನ್ನು ಬೆರಳಿನಿಂದ ಬಿಡಿಸಿ ತುದಿ ಚೂಪು ಮಾಡಿಡಬೇಕು. ಡಬ್ಬಿಯಲ್ಲಿ ಅದ್ದಿ ತೊಳೆದರೆ ಕೂದಲು ಮುರಿಯುತ್ತವಂತೆ. ನನ್ನ ಕೈಗುಣ ಚೆನ್ನಾಗಿದೆ ಎಂದು ಅತ್ತೆ ಹೊಗಳಿದರು, ನಾನೂ ಉಬ್ಬಿಹೋದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೊದಲು ಅಂಗೈ ಬಿಳಚಿಕೊಂಡು ಒಣಗಿತು. ಆಮೇಲೆ ಬೆರಳ ಸಂದಿಯಲ್ಲಿ ಬಿರುಕು. ಚಳಿಗೆ ಹಾಗಾಗಿದೆ ಅಂದುಕೊಂಡೆ, ಬೇಸಿಗೆ ಬಂದರೂ ಹೋಗಲಿಲ್ಲ. ಸೋಪಿನ ಮೇಲೆ ಗುಮಾನಿ ಬಂದು ಸೋಪು ಬದಲಿಸಿದೆ. ನಾನು ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದೆ. ಕೈ ಕೆಟ್ಟರೆ ನನ್ನದೆಂಬ ಆ ಒಂದು ದುಡಿಮೆಯೂ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಹಿಟ್ಟು ನಾದುವಾಗ ಬಿಸಿನೀರು ತಾಗಿ ಚುರುಗುಟ್ಟುತ್ತಿತ್ತು. ಒಂದು ದಿನ ರೊಟ್ಟಿಯ ಮೇಲೆ ರಕ್ತದ ಕಲೆ ಕಂಡಿತು. ಅದೊಂದನ್ನು ಬದಿಗಿಟ್ಟು ನಾನೇ ತಿಂದೆ.

ಅಷ್ಟರಲ್ಲಿ ನಮ್ಮ ಮನೆಯವರ ಬೆರಳುಗಳಲ್ಲಿ ಕೆಂಪು ಗಂಧೆ ಎದ್ದಿತು. ಮನೆಯೆಲ್ಲ ಗಾಬರಿಯಾಯಿತು, ಚಿತ್ರ ಬರೆಯುವ ಕೈ ನೋಡಿ. ಮರುದಿನವೇ ಯಾದಗಿರಿಯ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ.

"ಥಿನ್ನರಿನಾಗ ಕೈ ತೊಳಕೊಂಡ್ರ ಅದು ಚರ್ಮದ ಎಣ್ಣಿ ಎಲ್ಲಾ ಎಳಕೊಂಡ ಬಿಡತದ್ರಿ. ಆಮ್ಯಾಲ ಬಣ್ಣದಾಗಿನ ವಿಷ ಚರ್ಮಕ್ಕ ಲಗೂನ ತ್ರಾಸ ಕೊಡತದ," ಎಂದರು. "ಕೈಗೆ ಹತ್ತಿದ ಬಣ್ಣಾನ ಅಡಗಿ ಎಣ್ಣಿ ಹಚ್ಚಿ ಬಿಡಸ್ರಿ, ಆಮ್ಯಾಲ ಸೋಪು. ಬರಿಯುವಾಗ ಗ್ಲೌಸ್ ಹಾಕ್ರಿ. ತೆಳ್ಳನ ರಬ್ಬರಿನವು ಬ್ಯಾಡ, ಥಿನ್ನರಿಗೆ ತಡೆಯಂಗಿಲ್ಲ. ದಪ್ಪನ ನೀಲಿವು ಬರತಾವ, ಅವು ತೊಗೋರಿ."

ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡೆ. ತೋರಿಸಬಹುದಿತ್ತು. ಆದರೆ ಅದು ಚಿತ್ರ ಬರೆಯುವವರ ರೋಗ, ನನಗೆ ಅದು ಬರಲು ನಾನೇನು ಚಿತ್ರ ಬರೆಯುತ್ತೇನೆಯೇ ಎಂದು ಸೆರಗನ್ನು ಇನ್ನಷ್ಟು ಸುತ್ತಿಕೊಂಡೆ.

ನಮ್ಮ ಮನೆಯವರು ಡಾಕ್ಟರು ಹೇಳಿದಂತೆ ನಡೆದುಕೊಂಡರು. ಗಂಧೆ ಇಳಿಯಿತು. ಸಂಜೆ ಗ್ಲೌಸ್ ಕಳಚಿ ಕುಂಚಗಳ ಜೊತೆ ನನ್ನ ಬುಟ್ಟಿಗೆ ಹಾಕುತ್ತಿದ್ದರು. ನಾನು ಅವನ್ನೂ ತೊಳೆದು ಒಣಹಾಕುತ್ತಿದ್ದೆ, ಬರಿಗೈಯಲ್ಲಿ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ತಿಂಗಳ ಮೇಲೆ ಮತ್ತೆ ತೋರಿಸಲು ಹೋದೆವು. ಡಾಕ್ಟರು ಅವರ ಕೈ ತಿರುಗಿಸಿ ನೋಡಿ ಖುಷಿಪಟ್ಟರು.

"ಗ್ಲೌಸ್ ದಿನಾ ಸ್ವಚ್ಛ ಇರತಾವ್ರಿ, ನಮ್ಮಾಕಿ ತೊಳದ ಕೊಡತಾಳ," ಎಂದರು ಇವರು, ಹೆಮ್ಮೆಯಿಂದಲೇ.

ಡಾಕ್ಟರು ನನ್ನ ಕಡೆ ತಿರುಗಿದರು. "ಯಾವುದರಾಗ ತೊಳೀತೀರಿ ಅಕ್ಕಾ?"

"ಥಿನ್ನರಿನಾಗ್ರಿ."

"ಕೈ ತೋರಸ್ರಿ."

ಸೆರಗು ಸರಿಸಿ ಎರಡೂ ಅಂಗೈ ಮೇಜಿನ ಮೇಲಿಟ್ಟೆ. ಅವರು ಮುಟ್ಟಿ ನೋಡಿ, ಎರಡು ತಿಂಗಳು ರೊಟ್ಟಿ ಬಡಿಯುವಂತಿಲ್ಲ, ಥಿನ್ನರಂತೂ ಎಂದಿಗೂ ಮುಟ್ಟುವಂತಿಲ್ಲ ಎಂದರು. ರಸ್ತೆಯ ಆಚೆ ನಿಂತೇ ಎರಡು ಹಳದಿಗಳ ನಡುವಿನ ವ್ಯತ್ಯಾಸ ಹೇಳುವ ನನ್ನ ಗಂಡ ಮೇಜಿನ ಮೇಲೆ ಬಗ್ಗಿ ನನ್ನ ಕೈ ನೋಡಿದರು.

"ಇದು ಯಾವಾಗಿಂದ?" ಎಂದರು.

"ಮದುವಿ ಆದಾಗಿಂದ್ರಿ," ಎಂದೆ.