ಬೆನ್ನಿಗೆ ಚೆಂಡು ಹೊಲಿಯುವ ಅಕ್ಕ

ಬೆಳಕು ಹರಿಯುವ ಹೊತ್ತು. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತ ಚೆಂಡಕ್ಕ ಒಂದು ಗೇಣು ಹೊಲಿದು ಕಾಲು ನಿಲ್ಲಿಸುತ್ತಾರೆ, ಒಳಕೋಣೆಯತ್ತ ಕಿವಿ ಕೊಡುತ್ತಾರೆ. ಅಲ್ಲಿ ಮಲಗಿರುವ ಗಂಡನ ಉಸಿರು ಕೇಳಿಸಿದ ಮೇಲೆಯೇ ಚಕ್ರ ಮತ್ತೆ ತಿರುಗುತ್ತದೆ. ಕೈಯಲ್ಲಿರುವುದು ಗಂಡಸರ ಬನಿಯನ್. ಅದರ ಬೆನ್ನಿಗೆ ಅವರೊಂದು ಜೇಬು ಕೂರಿಸುತ್ತಿದ್ದಾರೆ. ಜೇಬಿನೊಳಗೆ ಟೆನಿಸ್ ಚೆಂಡು. ತೊಟ್ಟವರು ನಿದ್ದೆಯಲ್ಲಿ ಅಂಗಾತ ಹೊರಳಿದರೆ ಚೆಂಡು ಒತ್ತುತ್ತದೆ, ತಾವಾಗಿಯೇ ಮಗ್ಗುಲಾಗುತ್ತಾರೆ. ಬೀದಿಯವರು ಅವರಿಗೆ ಚೆಂಡಕ್ಕ ಎಂದು ಹೆಸರಿಟ್ಟಿದ್ದು ಈ ಕೆಲಸದಿಂದಲೇ.

ಇವತ್ತು ಹೊಲಿಗೆ ಎರಡು ಸಲ ಸೊಟ್ಟಗಾಗಿದೆ. ಎಂಟು ತಿಂಗಳ ನಂತರ ಗಂಡ ಮತ್ತೆ ಕ್ರೇನ್ ಏರುವ ದಿನ ಇದು.

ಗಂಡ ಎತ್ತರದ ಕಟ್ಟಡಗಳಲ್ಲಿ ಕ್ರೇನ್ ನಡೆಸುವವರು. ಅವರ ಗೊರಕೆ ಬೀದಿಗೆಲ್ಲ ನಗೆಯ ಸರಕಾಗಿತ್ತು. ಲಾರಿಯನ್ನು ಮನೆಯೊಳಗೇ ನಿಲ್ಲಿಸಿದ್ದೀರಾ ಎಂದು ಪಕ್ಕದವರು ಕೇಳುತ್ತಿದ್ದರಂತೆ. ಚೆಂಡಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ. "ನನ್ನ ಹೆದರಿಸಿದ್ದು ಗೊರಕೆ ಅಲ್ಲ, ಅದು ನಿಲ್ಲೋದು. ಉಸಿರೇ ಇರ್ತಿರಲಿಲ್ಲ. ಎದೆ ಮೇಲೆ ಕೈಯಿಟ್ಟು ಕಾಯ್ತಿದ್ದೆ. ಆಮೇಲೆ ನೀರಲ್ಲಿ ಮುಳುಗಿದೋರು ಮೇಲೆ ಬಂದ ಹಾಗೆ ಒಂದೇ ಸಲ ಎಳ್ಕೊಳ್ಳೋರು." ಹೇಳಿದರೆ ಗಂಡ ನಂಬುತ್ತಿರಲಿಲ್ಲ. ಆದರೆ ಹಗಲಿನಲ್ಲಿ ತುತ್ತು ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮನೆಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಕಬ್ಬಿಣದ ಕಂಬಿಗಳ ಕಟ್ಟು ಕ್ರೇನಿನಲ್ಲಿ ತೂಗುತ್ತಿರುವಾಗ ಕಣ್ಣು ಮುಚ್ಚಿಹೋಗಿತ್ತು. ಕೆಳಗೆ ನಿಂತು ಸನ್ನೆ ಮಾಡುವ ಹುಡುಗಿ ಕೂಗಿದ್ದಕ್ಕೆ ಎಚ್ಚರವಾಯಿತು. ಅಷ್ಟರಲ್ಲಿ ಕಟ್ಟು ಇಬ್ಬರು ಗಾರೆಯವರ ತಲೆಗೆ ತಾಗದೆ ಕೂದಲೆಳೆಯಷ್ಟು ಅಂತರದಲ್ಲಿ ಬೀಸಿ ಹೋಗಿತ್ತು. ಗಾಳಿಯ ಹೊಡೆತ ಅಂದುಕೊಂಡು ಎಲ್ಲರೂ ಸುಮ್ಮನಾಗಿದ್ದರು. ಅವರು ನಿಜ ಹೇಳಿದ್ದು ಹೆಂಡತಿಗೆ ಮಾತ್ರ, ಯಾರಿಗೂ ಬಾಯಿ ಬಿಡಬೇಡ ಎಂದು ಕೈ ಹಿಡಿದುಕೊಂಡು.

ಮರುದಿನ ಚೆಂಡಕ್ಕ ಗಂಡನಿಗಿಂತ ಮೊದಲೇ ಹೋಗಿ ಕಟ್ಟಡದ ಗೇಟಿನಲ್ಲಿ ನಿಂತರು. ಮೇಲ್ವಿಚಾರಕರಿಗೆ ಎಲ್ಲವನ್ನೂ ಹೇಳಿದರು. ಅಷ್ಟರಲ್ಲಿ ಗಂಡ ಬಂದರು.

"ನನ್ನ ಹೊಟ್ಟೆ ಮೇಲೇ ಹೊಡೆದೆಯಲ್ಲೇ."

"ಅವರಿಬ್ಬರಿಗೂ ಮನೆಯಿದೆ ಕಣ್ರೀ," ಎಂದರಂತೆ ಇವರು.

ಗಂಡನನ್ನು ಸಾಮಾನಿನ ಗೋದಾಮಿಗೆ ಹಾಕಿದರು. ಮನೆಯಲ್ಲಿ ಮಾತು ನಿಂತಿತು. ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು: ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ. ಮಗ್ಗುಲಲ್ಲಿ ಮಲಗಬೇಕು, ಕುಡಿತ ಬಿಡಬೇಕು, ತೂಕ ಇಳಿಸಬೇಕು, ಮೂಗಿಗೆ ಗಾಳಿ ಒತ್ತುವ ಯಂತ್ರದ ಮಾಸ್ಕ್ ಹಾಕಿಕೊಳ್ಳಬೇಕು ಎಂದರು ಡಾಕ್ಟರು. ಬೆನ್ನಿಗೆ ಚೆಂಡು ಕಟ್ಟುವ ಉಪಾಯವನ್ನೂ ಅವರೇ ಹೇಳಿದ್ದು. ಚೆಂಡಕ್ಕ ಬನಿಯನ್ನಿಗೆ ಜೇಬು ಹೊಲಿದರು. ಗಂಡ ಅದನ್ನು ಮಂಚದ ಕೆಳಗೆ ಎಸೆದರು. ಮಾಸ್ಕಿನ ಪಟ್ಟಿ ಕೆನ್ನೆ ಕೊರೆಯುತ್ತದೆಂದು ಅದನ್ನೂ ಕಿತ್ತಿಟ್ಟರು. ಇವರು ಪಟ್ಟಿಗೆ ಮೆತ್ತನೆಯ ಹತ್ತಿ ಬಟ್ಟೆಯ ಒಳಪದರ ಹೊಲಿದು ದಿಂಬಿನ ಪಕ್ಕ ಇಟ್ಟರು.

ಒಂದು ಬೆಳಿಗ್ಗೆ ಗಂಡ ಬನಿಯನ್ನನ್ನು ಹೊಲಿಗೆ ಯಂತ್ರದ ಮೇಲೆ ತಂದಿಟ್ಟರು. "ಜೇಬು ಇನ್ನೂ ಸ್ವಲ್ಪ ಮೇಲಕ್ಕಿರಲಿ. ಕೆಳಗೆ ಜಾರುತ್ತೆ."

"ಅಷ್ಟು ದಿನದ ಮೇಲೆ ಬಾಯಿಂದ ಬಂದ ಮೊದಲ ಮಾತು ಅದು," ಎನ್ನುತ್ತಾರೆ ಚೆಂಡಕ್ಕ. "ದಾರ ಪೋಣಿಸೋಕೆ ಕಣ್ಣೇ ಕಾಣಲಿಲ್ಲ ನನಗೆ."

ಸುದ್ದಿ ಬಾಯಿಂದ ಬಾಯಿಗೆ ಹರಡಿ, ಈಗ ಬೇರೆ ಮನೆಗಳವರಿಗೂ ದಿನಕ್ಕೆ ನಾಲ್ಕೈದು ಬನಿಯನ್, ಒಂದೆರಡು ಮಾಸ್ಕಿನ ಪಟ್ಟಿ, ತಲೆ ಎತ್ತರಿಸುವ ಇಳಿಜಾರು ದಿಂಬು ಹೊಲಿಯುತ್ತಾರೆ. ಆಸ್ಪತ್ರೆಗೆ ತೋರಿಸದೆ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಾರೆ. "ಚೆಂಡು ಎಲ್ಲರಿಗೂ ಸಾಲಲ್ಲ. ನಮ್ಮನೆಯವರಿಗೇ ಸಾಲಲಿಲ್ಲ, ಕೊನೆಗೆ ಮಾಸ್ಕೂ ಹಾಕ್ಕೊಂಡ ಮೇಲೇ ಸರಿಹೋಗಿದ್ದು."

ಗಂಡ ಎದ್ದು ಹೊರಡುತ್ತಾರೆ. ಕ್ರೇನ್ ಏರಬಹುದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆದರೂ ಚೆಂಡಕ್ಕನ ಕೈ ಯಂತ್ರದ ಮೇಲೆ ಸುಮ್ಮನೆ ಕೂತಿದೆ. ಟೀ ಆರಿಹೋಗುತ್ತದೆ. ಕೊನೆಗೆ ಫೋನ್ ಬರುತ್ತದೆ, ಸನ್ನೆ ಮಾಡುವ ಹುಡುಗಿಯದು. ಮೊದಲ ಹೊರೆ ಇಳಿದಿದೆ, ನೆಲ ಮುಟ್ಟಿದ್ದೂ ಗೊತ್ತಾಗಲಿಲ್ಲ ಎನ್ನುತ್ತಾಳೆ. ಚೆಂಡಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ, ಹೊಲಿದಿಟ್ಟ ಬನಿಯನ್ನುಗಳನ್ನು ತೋರಿಸುತ್ತಾರೆ. "ಇವನ್ನೆಲ್ಲ ಕೇಳ್ಕೊಂಡು ಬಂದಿದ್ದು ಹೆಂಡ್ತೀರೇ. ಗಂಡಸು ಒಬ್ಬ, ತಾನಾಗಿ ಬಂದು, 'ಅಕ್ಕಾ, ನನಗೇ ಬೇಕು, ಅಳತೆ ತಗೊಳ್ಳಿ' ಅನ್ನಬೇಕು. ಅಷ್ಟೇ."